ಗೇಣು ದೂರ ಕೇಳಲು ಚೀನಾದವರೆಗೆ

ಕೊಳ್ಳೇಗಾಲ

ಚೀನಾದ ರೇಷ್ಮೆ ನೂಲು ನಮ್ಮೂರ ಮಗ್ಗಗಳಿಗೆ ಬರುವುದನ್ನು ನೋಡುತ್ತಲೇ ನನ್ನ ತಲೆ ನೆರೆತಿದೆ. ಆ ನೂಲನ್ನು ಬೈಯುವವರು ನಮ್ಮ ಬೀದಿಯಲ್ಲಿದ್ದಾರೆ, ಬೈದುಕೊಂಡೇ ಅದರಲ್ಲಿ ಸೀರೆ ನೇಯುವವರೂ ಇದ್ದಾರೆ. ನಾನು ಚೀನಾಕ್ಕೆ ಹೊರಟಿದ್ದೇನೆ ಎಂದಾಗ ಎದುರು ಮನೆಯ ನೇಕಾರ ಪುಟ್ಟಣ್ಣ ಹೇಳಿದ್ದು ಒಂದೇ ಮಾತು: "ಮೇಡಮ್ಮೋರೇ, ಅಲ್ಲಿ ನೂಲ್ ಕಳ್ಸೋನು ಯಾವನಾರ ಸಿಕ್ಕುದ್ರ ನನ್ ಪರವಾಗೂ ನಾಕ್ ಮಾತ್ ಬೈದ್ಬುಡಿ."

ನಾನು ಹೊರಟದ್ದು ಬೈಯುವುದಕ್ಕಲ್ಲ. ನನ್ನ ತಂಗಿಯ ಮಗಳು ಮಾದೇವಿಗೆ ಜೊತೆಗಾತಿಯಾಗಿ. ಅವಳಿಗೆ ಇಪ್ಪತ್ತನಾಲ್ಕು ವರ್ಷ, ಹನೂರಿನ ಹತ್ತಿರದ ಹಳ್ಳಿಯವಳು. ಹನ್ನೆರಡನೆಯ ವಯಸ್ಸಿನಲ್ಲಿ ಗೂಡ್ಸ್ ಆಟೋ ಮಗುಚಿ ಬೆನ್ನಿಗೆ ಪೆಟ್ಟುಬಿದ್ದು ಕಾಲುಗಳ ಸ್ವಾಧೀನ ಹೋಯಿತು. ಓದಲೆಂದು ಕೊಳ್ಳೇಗಾಲಕ್ಕೆ ನನ್ನ ಮನೆಗೆ ಬಂದವಳು ಇಲ್ಲೇ ಬೆಳೆದಳು. ನಾನೋ, ಸರ್ಕಾರಿ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವಳು. ಊರ ಮಕ್ಕಳಿಗೆಲ್ಲ ಬುದ್ಧಿ ಹೇಳಿದವಳಿಗೆ ಮನೆಯಲ್ಲೇ ಒಂದು ಮಗು ಸಿಕ್ಕರೆ ಬಿಡುತ್ತೇನೆಯೇ? ನೆಂಟರೆದುರು ಹೇಗೆ ಕೂರಬೇಕು, ಏನು ಕೊಟ್ಟರೆ ಹೇಗೆ ಬೇಡ ಅನ್ನಬೇಕು, ಎಲ್ಲ ಕಲಿಸಿದೆ. "ನಮ್ ಮಾದೇವಿ ಇದ್ದಾಳೆ ನೋಡಿ, ಹುಟ್ಟಿದಾಗಿಂದ ಒಂದು ಬೇಕು ಅಂದವಳಲ್ಲ" ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಅವಳಿಗೆ ಕತ್ತಿ ಹಿಡಿಸಿದವರು ಯಳಂದೂರಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಡ್ರಿಲ್ ಮೇಷ್ಟ್ರು. ಗಾಲಿಕುರ್ಚಿ ಕತ್ತಿವರಸೆ ಎಂಬ ಆಟವಿದೆ. ಎರಡು ಕುರ್ಚಿಗಳನ್ನು ಎದುರುಬದುರಾಗಿ ಕಬ್ಬಿಣದ ಚೌಕಟ್ಟಿಗೆ ಬಿಗಿಯುತ್ತಾರೆ. ಕುರ್ಚಿ ಮಿಸುಕುವಂತಿಲ್ಲ, ಆಡುವವರು ಸೀಟು ಬಿಟ್ಟು ಏಳುವಂತಿಲ್ಲ. ಕತ್ತಿಯ ತುದಿ ಎದುರಾಳಿಗೆ ತಾಗಿದರೆ ದೀಪ ಹತ್ತಿ ಒಂದು ಅಂಕ. ಹಿಂದಕ್ಕೆ ಓಡುವುದಕ್ಕೆ ಜಾಗವೇ ಇಲ್ಲದ ಜಗಳ ಅದು. ರೇಷ್ಮೆಹುಳು ಸಾಕುವ ಸ್ಟ್ಯಾಂಡ್ ಮಾಡುವ ವೆಲ್ಡಿಂಗ್ ಅಂಗಡಿಯವನು ನಮಗೆ ಚೌಕಟ್ಟು ಮಾಡಿಕೊಟ್ಟ. ಶಾಲೆಯ ಜಗುಲಿಯಲ್ಲಿ ಕಲಿತ ಹುಡುಗಿ ರಾಜ್ಯ ದಾಟಿ, ದೇಶದ ಶಿಬಿರ ಸೇರಿ, ಈಗ ಚೀನಾದ ಸ್ಪರ್ಧೆಗೆ ಹೊರಟಿದ್ದಳು.

ಆದರೆ ಒಂದು ಕತ್ತಿ ನೆತ್ತಿಯ ಮೇಲೂ ತೂಗುತ್ತಿತ್ತು. ತಂಡದ ಕೋಚ್ ಮೂರ್ತಿ ಸರ್, ಮೈಸೂರಿನವರು, ಹೊರಡುವ ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದರು: "ಎರಡು ಥರದ ಕತ್ತಿಯಲ್ಲಿ ಆಡ್ತೀಯ. ಯಾವುದಾದ್ರೂ ಒಂದರ ಗುಂಪಿನಲ್ಲಿ ಎರಡು ಆಟ ಗೆದ್ದರೆ ಮುಂದಿನ ಶಿಬಿರಕ್ಕೆ ನಿನ್ನ ಹೆಸರು ಬರೀತೀನಿ. ಇಲ್ಲಾಂದ್ರೆ ಇಲ್ಲಿಗೆ ಸಾಕು ಕಣಮ್ಮ. ಕಾಯ್ತಾ ಇರೋ ಹುಡುಗೀರು ಇದ್ದಾರೆ." ಮಾದೇವಿ ತಲೆಯಾಡಿಸಿದಳು. ಶಿಬಿರ ಇಲ್ಲದಿದ್ದರೆ ಅವಳು ಹಳ್ಳಿಯ ಮನೆಯ ಕಟ್ಟೆ ಸೇರಬೇಕು, ಬೀದಿ ನೋಡುತ್ತ ಕೂರಬೇಕು. ಅದು ನನಗೂ ಗೊತ್ತು, ಅವಳಿಗೂ ಗೊತ್ತು.

ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ಎಂದಿನಂತೆ ಓಡಿಬಂದ. "ಬಾ ಕಣವ್ವ, ಎತ್ಕತೀನಿ" ಎಂದು ಅವಳನ್ನು ಎರಡು ಕೈಯಲ್ಲಿ ಎತ್ತಿ ಸೀಟಿನ ಮೇಲೆ ಕೂರಿಸಿದ. ಹತ್ತು ಜನ "ಅಯ್ಯೋ ಪಾಪ, ಉಸಾರು" ಅಂದರು. ಇಬ್ಬರು ಕುರ್ಚಿ ಮಡಿಸಿಟ್ಟರು. ನಮ್ಮ ಜನ ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ.

ಶಾಂಘೈ: ಹುರಿಹಿಟ್ಟಿನ ವಿಚಾರಣೆ

ನನ್ನ ಚೀಲದಲ್ಲಿ ಮೂರು ಕೆಜಿ ರಾಗಿ ಹುರಿಹಿಟ್ಟಿತ್ತು. ನಾವು ಲಿಂಗ ಕಟ್ಟಿದ ಮನೆಯವರು, ಮೊಟ್ಟೆ ಸಹ ಮುಟ್ಟುವುದಿಲ್ಲ. ಚೀನಾದಲ್ಲಿ ಏನು ಸಿಗುತ್ತದೋ ಏನೋ ಎಂದು ತಂಗಿ ಹುರಿದು ಬೀಸಿ ಕೊಟ್ಟಿದ್ದಳು. ಶಾಂಘೈ ವಿಮಾನ ನಿಲ್ದಾಣದ ಅಧಿಕಾರಿಣಿಗೆ ಆ ಕಂದು ಪುಡಿ ಕಂಡದ್ದೇ ತಡ, ಕೈಗವಸು ಹಾಕಿಕೊಂಡು ಬಂದಳು. ಕಡ್ಡಿಯ ತುದಿಗೆ ಹತ್ತಿ ಸುತ್ತಿ ಹಿಟ್ಟಿಗೆ ಅದ್ದಿದಳು, ಯಂತ್ರಕ್ಕೆ ಹಿಡಿದಳು, ನನ್ನ ಮುಖ ನೋಡಿದಳು. ನನ್ನ ಇಂಗ್ಲಿಷ್ ಅವಳಿಗೆ ತಿಳಿಯದು, ಅವಳ ಚೀನೀ ನನಗೆ ತಿಳಿಯದು. ಕೊನೆಗೆ ತಲೆಕೆಟ್ಟು ಒಂದು ಹಿಡಿ ಹಿಟ್ಟು ತೆಗೆದು ಬಾಯಿಗೆ ಹಾಕಿಕೊಂಡುಬಿಟ್ಟೆ. ಒಣಹಿಟ್ಟು ನೆತ್ತಿಗೇರಿ ಕೆಮ್ಮು ಬಂದು ಕಣ್ಣಲ್ಲಿ ನೀರು! ಆಕೆ ಗಾಬರಿಯಾಗಿ ತನ್ನ ಫ್ಲಾಸ್ಕಿನಿಂದ ನೀರು ಕೊಟ್ಟಳು. ಕುದಿಯುವ ನೀರು.

ಹಿಟ್ಟು ಉಳಿಯಿತು, ನನ್ನ ನಾಲಿಗೆ ಸುಟ್ಟಿತು. ಮಾದೇವಿ ನಕ್ಕೂ ನಕ್ಕೂ ಕುರ್ಚಿಯ ಮೇಲೆ ಬಗ್ಗಿಹೋದಳು.

ಬಿಸಿನೀರು ಆ ದೇಶದ ಮೊದಲ ಆಶ್ಚರ್ಯ. ಬೆವರು ಕಿತ್ತುಬರುವ ಸೆಕೆಯಲ್ಲೂ ಬಿಸಿನೀರೇ ಕುಡಿಯುತ್ತಾರೆ. ರೈಲಿನಲ್ಲಿ, ಆಸ್ಪತ್ರೆಯಲ್ಲಿ, ಆಟದ ಮೈದಾನದಲ್ಲಿ ಬಿಸಿನೀರಿನ ನಲ್ಲಿ. ತಣ್ಣೀರು ಕೇಳಿದರೆ ಮೈ ಸರಿಯಿಲ್ಲವೇ ಎಂಬಂತೆ ನೋಡುತ್ತಾರೆ.

ಮೊದಲ ದಿನ: ಹಿಪ್ಪುನೇರಳೆಯ ಊರು

ಸ್ಪರ್ಧೆ ನಡೆಯುವ ಊರು ಶಾಂಘೈಯಿಂದ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಅದರ ಹೆಸರು ಕೊನೆಯವರೆಗೂ ನನ್ನ ನಾಲಿಗೆಗೆ ಹತ್ತಲಿಲ್ಲ, ನಾನು ತಪ್ಪಾಗಿ ಬರೆದು ಆ ಊರಿನವರಿಗೆ ನೋವು ಮಾಡುವುದು ಬೇಡ. ದಾರಿಯುದ್ದಕ್ಕೂ ಕಾಲುವೆ, ಕಾಲುವೆಯ ದಂಡೆಯಲ್ಲಿ ಎಲ್ಲೋ ನೋಡಿದಂತಿದ್ದ ಎಲೆ. "ದೊಡ್ಡವ್ವ, ನಮ್ ಸೊಪ್ಪು!" ಎಂದು ಮಾದೇವಿ ಕೂಗಿದಳು. ಹೌದು, ಹಿಪ್ಪುನೇರಳೆ. ನಮ್ಮ ಹೊಲದಲ್ಲಿ ಕಡ್ಡಿ ಕಡ್ಡಿಯಾಗಿ ಸೊಂಟದೆತ್ತರ ಬೆಳೆಯುವುದು ಅಲ್ಲಿ ಮರವಾಗಿ, ಗಂಟು ಗಂಟು ಬೊಡ್ಡೆ ಬಿಟ್ಟುಕೊಂಡು ನಿಂತಿತ್ತು. ಪುಟ್ಟಣ್ಣ ಬೈಯುವ ನೂಲು ಹುಟ್ಟುವುದು ಇಲ್ಲಿಯೇ ಇರಬೇಕು ಅನ್ನಿಸಿತು. ಯಾಕೋ ಬೈಯಲು ಬಾಯಿ ಬರಲಿಲ್ಲ.

ನಮ್ಮನ್ನು ಕರೆದೊಯ್ಯಲು ಬಂದವರು ಗುವೊ ಎಂಬ ನಿವೃತ್ತ ಮೇಷ್ಟ್ರು. ಭೂಗೋಳ ಕಲಿಸಿದವರು, ಇಂಗ್ಲಿಷ್ ಬರುತ್ತಿತ್ತು, ಸ್ವಯಂಸೇವಕರಾಗಿ ಬಂದಿದ್ದರು. ಮೇಷ್ಟ್ರಿಗೆ ಮೇಷ್ಟ್ರು ಸಿಕ್ಕರೆ ಕೇಳಬೇಕೆ? ಹತ್ತು ನಿಮಿಷದಲ್ಲಿ ನಾವಿಬ್ಬರೂ ಈಗಿನ ಮಕ್ಕಳ ಕೈಬರಹದ ಬಗ್ಗೆ ದುಃಖಿಸುತ್ತಿದ್ದೆವು.

ಊರಿನ ಬಸ್ಸಿನ ಬಾಗಿಲಲ್ಲಿ ಒಂದು ಹಲಗೆ ಮಡಿಸಿಟ್ಟಿತ್ತು. ಡ್ರೈವರ್ ಇಳಿದು ಬಂದು ಅದನ್ನು ಬಿಡಿಸಿದ. ಮಾದೇವಿ ತಾನೇ ಕುರ್ಚಿ ತಳ್ಳಿಕೊಂಡು ಹತ್ತಿದಳು. ಯಾರೂ ಎತ್ತಲಿಲ್ಲ, ಯಾರೂ ತಿರುಗಿ ನೋಡಲಿಲ್ಲ. ಎಲ್ಲವೂ ಅಷ್ಟು ಚೆಂದ ಎಂದೂ ಅಲ್ಲ. ಅದೇ ಬೀದಿಯ ಕಾಲುದಾರಿಯ ಮೇಲೆ ಸ್ಕೂಟರುಗಳನ್ನು ಅಡ್ಡಾದಿಡ್ಡಿ ನಿಲ್ಲಿಸಿದ್ದರಿಂದ ಕುರ್ಚಿ ಹೋಗಲು ಜಾಗವಿಲ್ಲದೆ ನಾವು ರಸ್ತೆಗಿಳಿಯಬೇಕಾಯಿತು. ಆ ವಿಷಯದಲ್ಲಿ ಕೊಳ್ಳೇಗಾಲಕ್ಕೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ.

"ಇಲ್ಲಿ ಯಾರೂ ಅಯ್ಯೋ ಅನ್ನಕಿಲ್ಲ ಅಲ್ವಾ ದೊಡ್ಡವ್ವ" ಅಂದಳು ಮಾದೇವಿ.

"ಬೇಜಾರಾ?"

"ಇಲ್ಲ ಕಣವ್ವ. ಎದ ಅಗರಾಯ್ತದ."

ನಾನು ಅದನ್ನು ಅಷ್ಟಾಗಿ ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ನನಗೆ ಊಟದ ಚಿಂತೆ ಹತ್ತಿತ್ತು. ಮಾಂಸ ಇಲ್ಲ ಎಂದು ಪ್ರಮಾಣ ಮಾಡಿ ತಂದಿಟ್ಟ ಸಾರಿನ ತಳದಲ್ಲಿ ಒಂದು ಮೂಳೆ ಕೂತಿತ್ತು. "ಮಾಂಸ ಇಲ್ಲವಲ್ಲ, ಬರೀ ಮೂಳೆ" ಎಂದರು ಗುವೊ ಮೇಷ್ಟ್ರು, ಪ್ರಾಮಾಣಿಕವಾಗಿ. ಅವತ್ತು ಹುರಿಹಿಟ್ಟೇ ಗತಿಯಾಯಿತು.

ಎರಡನೆಯ ದಿನ: ಒಂದೇ ಸಲ ಕೇಳುವ ರೆಫರಿ

ಮೊದಲು ತೆಳು ಕತ್ತಿಯ ಆಟ. ಗುಂಪಿನಲ್ಲಿ ಆರು ಜನ, ತಲಾ ಐದು ಆಟ, ಐದು ಅಂಕ ಮೊದಲು ಪಡೆದವರು ಗೆದ್ದಂತೆ.

ಆಟ ಶುರುವಾಗುವ ಮುಂಚೆ ದೂರ ಅಳೆಯುತ್ತಾರೆ. ಒಬ್ಬಳು ಕತ್ತಿ ಹಿಡಿದ ಕೈಯನ್ನು ನೀಟಾಗಿ ಚಾಚಬೇಕು, ಅದರ ತುದಿ ಎದುರಿನವಳ ಮಡಿಸಿದ ಮೊಣಕೈಗೆ ಬರಬೇಕು. ಅಷ್ಟು ದೂರಕ್ಕೆ ಕುರ್ಚಿಗಳನ್ನು ಬಿಗಿಯುತ್ತಾರೆ. ಇಬ್ಬರ ಕೈಯೂ ಒಂದೇ ಉದ್ದವಿರುವುದಿಲ್ಲವಲ್ಲ, ಆಗ ಯಾರ ಅಳತೆ? ಅದನ್ನು ಹೇಳುವ ಹಕ್ಕು ಗಿಡ್ಡ ಕೈಯವಳದ್ದು. ತನ್ನ ಅಳತೆ ಎಂದರೆ ಕುರ್ಚಿಗಳು ಹತ್ತಿರ ಬರುತ್ತವೆ, ಅವಳ ಕತ್ತಿ ಎಟುಕುತ್ತದೆ. ಎದುರಿನವಳ ಅಳತೆ ಎಂದರೆ ಒಂದು ಗೇಣು ದೂರವಾಗುತ್ತದೆ, ಉದ್ದ ಕೈಯವಳಿಗೆ ಹಬ್ಬ. ಮಾದೇವಿಯ ಕೈ ಗಿಡ್ಡ. ಆ ಗುಂಪಿನಲ್ಲಿ ಎಲ್ಲರಿಗಿಂತ ಗಿಡ್ಡ.

ಮೊದಲ ಎದುರಾಳಿ ಥಾಯ್ಲೆಂಡಿನವಳು, ನಲವತ್ತರ ಹೆಂಗಸು. ರೆಫರಿ ಮಾದೇವಿಯತ್ತ ತಿರುಗಿ, ನಿನ್ನದೋ ಅವಳದೋ ಎಂದು ಕೈಸನ್ನೆ ಮಾಡಿದ. ಮಾದೇವಿ ನಾಚಿ ನಕ್ಕಳು. ಕೈಯನ್ನು ಎದುರಿನವಳತ್ತ ಚಾಚಿ, "ಯು, ಯು ಮೇಡಮ್" ಅಂದಳು.

ರೆಫರಿ ಅವಳನ್ನೇ ಒಂದು ಕ್ಷಣ ನೋಡಿ ಚೌಕಟ್ಟು ಬಿಗಿಸಿದ. ಐದು ಒಂದರಲ್ಲಿ ಸೋತಳು.

ಮೂರ್ತಿ ಸರ್ ಕೆಂಡವಾದರು. "ನೂರು ಸಲ ಹೇಳಿದೀನಿ ಕಣಮ್ಮ, ನೂರು ಸಲ! ನಿನ್ನ ದೂರ ನೀನು ತಗೋ ಅಂತ!"

"ಆಯ್ತು ಸಾ."

ಎರಡನೆಯ ಆಟದಲ್ಲೂ ಅದೇ ನಗು, ಅದೇ ಕೈ. ಮೂರನೆಯದರಲ್ಲಿ ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ಎದುರಿನವಳತ್ತಲೇ ಕೈ ಹೋಯಿತು. ಐದಕ್ಕೆ ಐದೂ ಸೋತಳು. ಕೊನೆಯ ಆಟ ಶೆನ್ ಮೇ ಎಂಬ ಚೀನಾದವಳ ಮೇಲೆ. ಆಕೆಯ ಹೆಸರು ಕೂಗಿದರೆ ಸಭಾಂಗಣ ಅದುರುತ್ತಿತ್ತು. ಜಗತ್ತಿನ ದೊಡ್ಡ ಪದಕಗಳೆಲ್ಲ ಆಕೆಯ ಮನೆಯಲ್ಲಿವೆ ಎಂದು ಗುವೊ ಮೇಷ್ಟ್ರು ಮೊದಲೇ ಹೇಳಿದ್ದರು. ಐದು ಸೊನ್ನೆ. ಕೈಕುಲುಕುವಾಗ ಶೆನ್ ಮೇ ನಗಲಿಲ್ಲ. ಮುಖ ಗಂಟಿಕ್ಕಿಕೊಂಡೇ ಹೋದಳು.

ನನಗೆ ಆ ನಗು, ಆ ಕೈ ಎಲ್ಲಿಯದೆಂದು ಹೊಳೆಯಲು ಹೊತ್ತು ಬೇಕಾಗಲಿಲ್ಲ. ಅದು ನಮ್ಮ ಮನೆಯ ಪಂಕ್ತಿಯದು. ನೆಂಟರ ಮನೆಯಲ್ಲಿ "ಇನ್ನೊಂದು ಚೂರು ಹಾಕ್ಲಾ" ಎಂದರೆ "ಸಾಕು" ಎನ್ನಬೇಕು. ಎರಡನೆಯ ಸಲ ಕೇಳಿದರೆ ಎಲೆಗೆ ಕೈ ಅಡ್ಡ ಹಿಡಿಯಬೇಕು. ಮೂರನೆಯ ಸಲ, ಅವರೇ ಕೈ ಸರಿಸಿ ಬಡಿಸಿದರೆ, "ಅಯ್ಯೋ ಜಾಸ್ತಿಯಾಯ್ತು" ಎಂದುಕೊಂಡು ಉಣ್ಣಬೇಕು. ಬೇಕು ಎಂದು ಮೊದಲನೆಯ ಸಲಕ್ಕೇ ಹೇಳಿದವರು ನಮ್ಮ ಕಡೆ ಹೊಟ್ಟೆಬಾಕರು. ಇದನ್ನು ನಾನೇ, ಈ ಬಾಯಲ್ಲೇ, ಆ ಮಗುವಿಗೆ ಕಲಿಸಿದ್ದೆ. ನಮ್ಮಲ್ಲಿ ಬೇಡ ಅಂದವರಿಗೆ ನಷ್ಟವಿಲ್ಲ, ಯಾಕೆಂದರೆ ಮತ್ತೆ ಕೇಳುತ್ತಾರೆ. ರೆಫರಿ ಒಂದೇ ಸಲ ಕೇಳುತ್ತಾನೆ.

ಬಿಡುವಿನ ದಿನ: ಶೆನ್ ಮೇ ಕರೆದ ಚಹಾ

ಮಾರನೆಯ ದಿನ ನಮಗೆ ಆಟವಿರಲಿಲ್ಲ. ಬೆಳಿಗ್ಗೆ ಗುವೊ ಮೇಷ್ಟ್ರು ಮುಜುಗರದಿಂದ ಬಂದು, ಶೆನ್ ಮೇ ನಿಮ್ಮ ಹುಡುಗಿಯನ್ನು ಚಹಾಕ್ಕೆ ಕರೆದಿದ್ದಾರೆ ಎಂದರು. "ಸ್ವಲ್ಪ ಸಿಟ್ಟಿನಲ್ಲಿದ್ದಾರೆ" ಎಂದೂ ಸೇರಿಸಿದರು.

ಕಾಲುವೆಯ ಪಕ್ಕದ ಅಂಗಡಿ. ಗಾಜಿನ ಲೋಟದಲ್ಲಿ ಬಿಸಿನೀರು, ಅದರಲ್ಲಿ ತೇಲುವ ಹಸಿರೆಲೆ. ಹಾಲಿಲ್ಲ, ಸಕ್ಕರೆ ಇಲ್ಲ. ಇದಕ್ಕೆ ಚಹಾ ಅನ್ನುವುದಾದರೆ ನಮ್ಮೂರಲ್ಲಿ ಜ್ವರಕ್ಕೆ ಕೊಡುವ ಕಷಾಯಕ್ಕೂ ಅನ್ನಬಹುದು. ಶೆನ್ ಮೇಗೆ ನಲವತ್ತೊಂದು ವರ್ಷ. ಗಂಡುಮಕ್ಕಳಂತೆ ಕತ್ತರಿಸಿದ ಕೂದಲು, ದಪ್ಪ ಭುಜ. ಕೂತ ತಕ್ಷಣ ಮಾದೇವಿಯನ್ನು ನೋಡಿ ಏನೋ ಹೇಳಿದಳು. ಗುವೊ ಮೇಷ್ಟ್ರು ತಡವರಿಸಿ ಇಂಗ್ಲಿಷಿಗೆ ತಂದರು, ನಾನು ಕನ್ನಡಕ್ಕೆ.

"ನೀನು ನಿನ್ನೆ ನನಗೆ ಅವಮಾನ ಮಾಡಿದೆ."

ನನಗೆ ಮೈಯೆಲ್ಲ ಉರಿಯಿತು. ಗೆದ್ದವಳು ಇವಳು, ಅವಮಾನ ಇವಳಿಗೆ! ಏಳೋಣ ಎಂದುಕೊಂಡೆ. ಮಾದೇವಿ ನನ್ನ ಸೆರಗು ಹಿಡಿದಳು.

"ನಿನ್ನ ದೂರವನ್ನು ನನಗೆ ದಾನ ಕೊಟ್ಟೆ. ಐದು ಸೊನ್ನೆಯಲ್ಲಿ ಗೆದ್ದೆ ಎಂದು ಬರೆದುಕೊಂಡರು. ಅದು ಗೆಲುವಲ್ಲ. ಯಾಕೆ ಕೊಟ್ಟೆ?"

ಮಾದೇವಿ ಲೋಟ ನೋಡುತ್ತ ಕೂತಳು. ನಾನು ಅವಳ ಪರವಾಗಿ ನಮ್ಮ ಪಂಕ್ತಿಯ ಮರ್ಯಾದೆಯನ್ನು ವಿವರಿಸತೊಡಗಿದೆ, ಮೂರು ಸಲ ಬೇಡ ಅನ್ನುವುದು, ಎಲೆಗೆ ಕೈ ಅಡ್ಡ ಹಿಡಿಯುವುದು. ಗುವೊ ಮೇಷ್ಟ್ರು ನಕ್ಕುಬಿಟ್ಟರು. "ನಮ್ಮಲ್ಲೂ ಹಾಗೇ! ಮೂರು ಸಲ!" ಶೆನ್ ಮೇ ಮಾತ್ರ ನಗಲಿಲ್ಲ. "ಅದು ನನಗೂ ಗೊತ್ತು. ನಾನು ಕೇಳುತ್ತಿರುವುದು ಅದಲ್ಲ" ಎಂದಳು. ಆಮೇಲೆ ತನ್ನ ಕಥೆ ಹೇಳಿದಳು.

ಬೆಟ್ಟದ ಮೇಲಿನ ಹಳ್ಳಿ. ತಾಯಿ ರೇಷ್ಮೆಹುಳು ಸಾಕುತ್ತಿದ್ದಳು. ಎರಡು ವರ್ಷದವಳಿದ್ದಾಗ ಬಂದ ಜ್ವರಕ್ಕೆ ಶೆನ್ ಮೇಯ ಕಾಲುಗಳು ಸೊರಗಿದವು. ಎಂಟು ವರ್ಷ ಅಪ್ಪ ಅವಳನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಒಯ್ದ, ಹೊತ್ತು ತಂದ. ಬಟ್ಟೆಗೆ ಗುಂಡಿ ಹಾಕುವ ಕೆಲಸ ಕಲಿಸುವ ಕಡೆ ಸೇರಿಸಿದರು. ಅಲ್ಲಿಗೆ ಬಂದ ಒಬ್ಬ ಮುದುಕ ಕೋಚ್ ಎಲ್ಲ ಹುಡುಗಿಯರ ಕೈಯಲ್ಲೂ ಸೂಜಿ ಕೊಟ್ಟು ದಾರ ಪೋಣಿಸಿ ಎಂದ. ಎಲ್ಲರಿಗಿಂತ ಮೊದಲು ಪೋಣಿಸಿದವಳು ಇವಳು. ಕತ್ತಿ ಕೈಗೆ ಬಂತು. ಬಂದ ಮೇಲೆ ಎರಡು ವರ್ಷ ಬರೀ ಸೋಲು.

"ನಾನೂ ದೂರ ಬಿಟ್ಟುಕೊಡುತ್ತಿದ್ದೆ. ಮರ್ಯಾದೆಗಲ್ಲ. ಅಪ್ಪನ ಬೆನ್ನನ್ನು ಎಂಟು ವರ್ಷ ತೆಗೆದುಕೊಂಡಿದ್ದೆ. ಇನ್ನೂ ಏನಾದರೂ ಬೇಕು ಅನ್ನಲು ನಾಚಿಕೆಯಾಗುತ್ತಿತ್ತು."

ಮುದುಕ ಕೋಚ್ ಊಟದ ಮನೆಯಲ್ಲಿ ಕಟ್ಟುನಿಟ್ಟು ಮಾಡಿದನಂತೆ. ಇವಳು ಬಾಯಿಬಿಟ್ಟು ಕೇಳದೆ ಯಾರೂ ಏನೂ ಬಡಿಸುವಂತಿಲ್ಲ. ಅನ್ನ ಬೇಕಾದರೆ ಅನ್ನ ಎಂದು ಕೂಗಬೇಕು, ಉಪ್ಪು ಬೇಕಾದರೆ ಉಪ್ಪು. ಮೊದಲ ದಿನ ಸಂಜೆಯವರೆಗೆ ಉಪವಾಸ ಕೂತಳು. ಎರಡನೆಯ ದಿನ ಅತ್ತುಕೊಂಡು "ಅನ್ನ" ಎಂದಳು. ತಿಂಗಳು ಕಳೆಯುವ ಹೊತ್ತಿಗೆ "ಅಷ್ಟು ಸಾಲದು, ಇನ್ನೂ ಹಾಕು" ಎನ್ನಲು ಬಂತು. ಆಮೇಲೆ ಮೊದಲ ಗೆಲುವು. ಆಮೇಲೆ ಪದಕಗಳು. ಭುಜದ ನರ ಹರಿದು ಎರಡು ವರ್ಷ ಮಲಗಿದ್ದು, ಆ ಹೊತ್ತಿಗೆ ಚಿಕ್ಕವರು ಅವಳ ಜಾಗ ಹಿಡಿದದ್ದು, ಮತ್ತೆ ಬಂದು ಅವರ ಕೈಯಲ್ಲಿ ಸೋತದ್ದು, ಮತ್ತೆ ಬಂದದ್ದು. ಇದೇ ಕೊನೆಯ ವರ್ಷವಂತೆ. ಪದಕಗಳ ಬಗ್ಗೆ ಎರಡು ವಾಕ್ಯ ಹೇಳಿದಳೋ ಇಲ್ಲವೋ, ಸೋಲುಗಳ ಬಗ್ಗೆ ಒಂದು ಗಂಟೆ ಹೇಳಿದಳು.

ಮಾದೇವಿ ತಲೆಯೆತ್ತಿದಳು. "ನಂಗೂ ಅಂಗೇಯ" ಅಂದಳು, ಶೆನ್ ಮೇಗಲ್ಲ, ನನಗೆ. "ಎತ್ತಾಕ, ಇಳ್ಸಾಕ, ನೀರಾಕಾಕ, ಎಲ್ಲಾರ್ಗೂ ತೊಂದ್ರ ಕೊಟ್ಕಂಡೇ ಬಂದಿವ್ನಿ ದೊಡ್ಡವ್ವ. ನಿನ್ ಸೊಂಟ ನೋವು ನನ್ನಿಂದಾನೆ ಅಲ್ವಾ? ಇನ್ನೂ ಏನಂತ ಕೇಳಾನ?"

ಹನ್ನೆರಡು ವರ್ಷ ನನ್ನ ಮನೆಯಲ್ಲಿದ್ದ ಮಗು. ಒಂದು ಬೇಕು ಅಂದವಳಲ್ಲ ಎಂದು ನಾನು ಮೆರೆಸಿದ ಮಗು. ಕೇಳದೆ ಇದ್ದದ್ದು ಒಳ್ಳೆಯ ನಡತೆಯಿಂದ ಎಂದುಕೊಂಡಿದ್ದೆನಲ್ಲ! ಅವಳಿಗೆ ಇಡ್ಲಿಗಿಂತ ದೋಸೆ ಇಷ್ಟವೋ ಏನೋ, ಆ ಕ್ಷಣಕ್ಕೂ ನನಗೆ ಗೊತ್ತಿರಲಿಲ್ಲ. ಅಲ್ಲೇ, ಪರದೇಶದವರ ಎದುರಿಗೇ ಅತ್ತುಬಿಟ್ಟೆ. ಗುವೊ ಮೇಷ್ಟ್ರಿಗೆ ಇದನ್ನು ಅನುವಾದಿಸಲು ನನ್ನಿಂದಾಗಲಿಲ್ಲ. ಶೆನ್ ಮೇ ಕೇಳಲೂ ಇಲ್ಲ. ನನ್ನ ಲೋಟಕ್ಕೆ ಇನ್ನಷ್ಟು ಬಿಸಿನೀರು ಹುಯ್ದಳು.

ಏಳುವಾಗ ಮಾದೇವಿಗೆ ಹೇಳಿದಳು: "ನಾಳೆ ಎಪೆ ಕತ್ತಿಯಲ್ಲೂ ನಾನು ನಿನ್ನ ಗುಂಪಿನಲ್ಲೇ ಇದ್ದೇನೆ. ಮತ್ತೆ ದಾನ ಕೊಟ್ಟರೆ ಕೈಕುಲುಕುವಾಗ ಹಿಂಡಿಬಿಡುತ್ತೇನೆ."

ನಾಲ್ಕನೆಯ ದಿನ: ನಂದು

ಎಪೆ ಎಂದರೆ ಸ್ವಲ್ಪ ಭಾರದ ಕತ್ತಿ. ಸೊಂಟದಿಂದ ಮೇಲೆ ತಲೆ, ಕೈ, ಎಲ್ಲಿ ತಾಗಿದರೂ ಅಂಕ. ಇಬ್ಬರೂ ಒಟ್ಟಿಗೆ ತಾಗಿಸಿದರೆ ಇಬ್ಬರಿಗೂ ಒಂದೊಂದು. ಅಂದು ಮತ್ತೆ ಐದು ಆಟ, ಬೇಕಾದದ್ದು ಎರಡು ಗೆಲುವು, ಇದೇ ಕೊನೆಯ ಅವಕಾಶ.

ಮೊದಲ ಆಟದಲ್ಲಿ ರೆಫರಿ ಕೇಳಿದಾಗ ಮಾದೇವಿಯ ಕೈ ಎದೆಯವರೆಗೆ ಬಂದು ನಿಂತಿತು. ಅವನಿಗೆ ಅರ್ಥವಾಗಲಿಲ್ಲ, ಎದುರಿನವಳ ಅಳತೆಗೇ ಬಿಗಿಸಿದ. ಸೋತಳು. ನಾನು ಮೆಟ್ಟಿಲ ಮೇಲೆ ಕೂತು ಸೆರಗಿನ ತುದಿ ಕಚ್ಚಿಕೊಂಡೆ. ಎರಡನೆಯದರಲ್ಲಿ ಇಂಗ್ಲಿಷಿನ "ಮೈ" ಎಂದಿಷ್ಟು ಕೇಳಿಸಿತು. ಕುರ್ಚಿ ಹತ್ತಿರ ಬಂತು, ಐದು ನಾಲ್ಕರಲ್ಲಿ ಸೋತಳು. ಮೂರನೆಯವಳು ಅದೇ ಥಾಯ್ಲೆಂಡಿನ ಹೆಂಗಸು. ಈ ಸಲ ಮಾದೇವಿ ಕತ್ತಿಯ ಹಿಡಿಯಿಂದ ತನ್ನ ಎದೆ ತಟ್ಟಿ ತೋರಿಸಿದಳು. ಐದು ಮೂರು. ಗೆದ್ದಳು! ನಾನು ಎದ್ದು ನಿಂತು ಕೂಗಿದ ಕೂಗಿಗೆ ಮುಂದಿನ ಸಾಲಿನ ಚೀನೀ ಅಜ್ಜಿ ಬೆಚ್ಚಿ ಬಿಸಿನೀರು ಚೆಲ್ಲಿಕೊಂಡಿತು. ನಾಲ್ಕನೆಯದು ಸೋಲು.

ಉಳಿದದ್ದು ಶೆನ್ ಮೇ.

ರೆಫರಿ ಕೈಸನ್ನೆ ಮಾಡುವುದಕ್ಕೂ ಕಾಯಲಿಲ್ಲ ಮಾದೇವಿ. "ನಂದು" ಎಂದಳು, ಕನ್ನಡದಲ್ಲೇ, ಇಡೀ ಸಭಾಂಗಣಕ್ಕೆ ಕೇಳುವಂತೆ. ಯಾರೂ ಅನುವಾದ ಮಾಡಬೇಕಾಗಲಿಲ್ಲ. ಮುಖವಾಡ ಹಾಕಿಕೊಳ್ಳುವ ಮುನ್ನ ಶೆನ್ ಮೇ ಹಲ್ಲು ಬಿಟ್ಟು ನಕ್ಕಿದ್ದು ಕಂಡಿತು.

ಆಮೇಲಿನದನ್ನು ನಾನು ಸರಿಯಾಗಿ ನೋಡಿದೆನೋ ಇಲ್ಲವೋ. ಅಷ್ಟು ಹತ್ತಿರದಲ್ಲಿ ಕತ್ತಿಗಳು ಕಾಣುವುದೇ ಇಲ್ಲ, ದೀಪ ಮಾತ್ರ. ಹಸಿರು, ಕೆಂಪು, ಎರಡೂ. ಎರಡು ಎರಡು. ಮೂರು ಎರಡು, ಮಾದೇವಿ ಮುಂದೆ! ಮೂರು ಮೂರು. ಮತ್ತೆ ಎರಡೂ ದೀಪ, ನಾಲ್ಕು ನಾಲ್ಕು. ಕೊನೆಯ ಅಂಕಕ್ಕೆ ಇಬ್ಬರೂ ಒಟ್ಟಿಗೆ ತಾಗಿಸಿದರೆ ಲೆಕ್ಕಕ್ಕಿಲ್ಲವಂತೆ. ಹಾಗೇ ಆಯಿತು, ಎರಡೂ ದೀಪ ಹತ್ತಿ ಆರಿದವು. ಮತ್ತೆ ಶುರು. ಮಾದೇವಿ ಮುನ್ನುಗ್ಗಿದಳು, ಶೆನ್ ಮೇ ಬೆನ್ನನ್ನು ಕುರ್ಚಿಗೆ ಒತ್ತಿ ಹಿಂದೆ ಸರಿದು ಮಣಿಕಟ್ಟಿಗೆ ಒಂದು ಚುಚ್ಚು. ಒಂದೇ ದೀಪ. ಅದು ನಮ್ಮದಲ್ಲ.

ಕೈಕುಲುಕುವಾಗ ಶೆನ್ ಮೇ ಬಿಡಲಿಲ್ಲ, ಹಿಡಿದುಕೊಂಡೇ ಏನೋ ಹೇಳಿದಳು. ಗುವೊ ಮೇಷ್ಟ್ರು ನನ್ನ ಕಿವಿಯಲ್ಲಿ ಹೇಳಿದರು: "ಇವತ್ತು ಗೆದ್ದೆ ಅನ್ನುತ್ತಿದ್ದಾರೆ."

ಅದೇ ಮಧ್ಯಾಹ್ನ, ಊಟದ ಮನೆ

ಮಧ್ಯಾಹ್ನ ಉಂಡ ಮೇಲೆ ಚೀನೀಯರು ಮಲಗುತ್ತಾರೆ. ಕೂತಲ್ಲೇ, ಮೇಜಿನ ಮೇಲೆ ತಲೆಯಿಟ್ಟು, ಯಾರ ಮುಲಾಜೂ ಇಲ್ಲದೆ. ಇಡೀ ಊಟದ ಮನೆ ಗೊರಕೆ ಹೊಡೆಯುತ್ತಿತ್ತು. ಒಂದು ಮೂಲೆಯಲ್ಲಿ ಮೂರ್ತಿ ಸರ್ ಶಿಬಿರದ ಪಟ್ಟಿ ಹರಡಿಕೊಂಡು ಕೂತಿ‌ದ್ದರು. ಮಾದೇವಿ ಕುರ್ಚಿ ತಳ್ಳಿಕೊಂಡು ಹೋಗಿ ಅವರ ಎದುರಿಗೆ ನಿಲ್ಲಿಸಿದಳು. ಹಿಂದೆ ನಾನು.

"ಚೆನ್ನಾಗಿ ಆಡ್ದೆ ಕಣಮ್ಮ" ಎಂದರು ಅವರು, ತಲೆಯೆತ್ತದೆ. "ಆದ್ರೆ ಒಂದೇ ಗೆಲುವು. ಮಾತು ಮಾತೇ."

"ನನ್ನೆಸ್ರು ಬರೀರಿ ಸಾ."

ಅವರು ತಲೆಯೆತ್ತಿದರು. ಆಗ ನನ್ನ ಹಾಳು ಬಾಯಿ, ಮೂವತ್ತು ವರ್ಷ ಮೇಡಮ್ಮಾಗಿದ್ದ ಬಾಯಿ, ತಾನಾಗಿಯೇ ತೆರೆದುಕೊಂಡಿತು. "ಬಿಡವ್ವ ಮಾದೇವಿ, ಸರ್‌ಗೆ ಯಾಕೆ ತೊಂದ್ರೆ..."

"ದೊಡ್ಡವ್ವ, ನೀ ಸುಮ್ಕಿರು."

ಹನ್ನೆರಡು ವರ್ಷದಲ್ಲಿ ಮೊದಲ ಸಲ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

"ಎರಡು ಗೆಲುವು ಅಂತ ಗೆರೆ ಹಾಕ್ದೋರು ನೀವೇ ಅಲ್ವಾ ಸಾ" ಎಂದಳು ಮಾದೇವಿ. "ಮೊದಲ್ನೇ ದಿನದ್ದು ನಾ ಆಡ್ಲೇ ಇಲ್ಲ, ಬುಟ್ಕೊಟ್ಟಿ. ಇವತ್ತು ನನ್ ದೂರದಲ್ಲಿ ಆಡಿದ್ದು ಬರೀ ನಾಕು. ಅದ್ರಲ್ಲಿ ಒಂದ್ ಗೆದ್ದಿ, ಎರಡು ಒಂದೊಂದೇ ಅಂಕದಲ್ಲಿ ಓಯ್ತು. ಅದ್ರಲ್ಲೊಂದು ಶೆನ್ ಮೇ ಅಕ್ಕನ ಮ್ಯಾಲ. ನಂಗ ಇನ್ನೂ ಆಡ್ಬೇಕು ಸಾ. ಶಿಬಿರ ಬೇಕು. ನಂಗ ಬೇಕು."

ಮೂರ್ತಿ ಸರ್ ಅವಳನ್ನೇ ನೋಡಿದರು. ಪಕ್ಕದ ಮೇಜಿನಲ್ಲಿ ಮಲಗಿದ್ದವನೊಬ್ಬ ನಿದ್ದೆಯಲ್ಲೇ ಮಗ್ಗುಲು ಬದಲಿಸಿದ. ಅವರು ಪೆನ್ನಿನ ಮುಚ್ಚಳ ತೆಗೆದು, ಪಟ್ಟಿಯ ಕೊನೆಯ ಖಾಲಿ ಸಾಲಿನಲ್ಲಿ ಮಾದೇವಿ ಎಂದು ಬರೆದರು. ಬರೆದ ಮೇಲೆ ಪೆನ್ನನ್ನು ಗಾಳಿಯಲ್ಲೇ ಹಿಡಿದುಕೊಂಡು ಕೇಳಿದರು:

"ಶಿಬಿರದಲ್ಲಿ ಮತ್ತೆ ಸೋತ್ರೆ ಏನ್ಮಾಡ್ತೀಯ?"

"ಮತ್ತ ಬಂದು ಕೇಳ್ತೀನಿ ಸಾ."